ಫಾತರ್ಪಾದಲ್ಲಿರೋ ದೇವಿಗೆ ಕುಂಕೊಳ್ಳಿ ಹೆಸರು ಯಾಕೆ?

ದಾವಣಗೆರೆಲಿ ನಮ್ ಬೀದಿಲಿ ಒಂದು ಕೊಂಕಣಿ ಮನೆ ಇದೆ, ಅವ್ರು ಮದ್ವೆ ಮುಂಜಿ ಏನೇ ಇರ್ಲಿ ಮೊದ್ಲು ಗೋವಾದ ಫಾತರ್ಪಾಕ್ಕೆ ಹೋಗಿ ಕುಲದೇವಿ ಶಾಂತಾದುರ್ಗೆಗೆ ಹಣ್ಣುಕಾಯಿ ಮಾಡ್ಸ್ಕೊಂಡು ಬರ್ತಾರೆ. ಆದ್ರೆ ಆ ದೇವಿನ ಕರೆಯೋದು ಕುಂಕಳ್ಳಿಕಾರೀಣ್ ಅಂತ, ಅಂದ್ರೆ ಕುಂಕೊಳ್ಳಿ ಊರಿನವಳು.

1543ರಲ್ಲಿ ಸಾಷ್ಟಿ ಸೀಮೆ (ಕುಂಕೊಳ್ಳಿ ಇರೋ ದಕ್ಷಿಣ ಗೋವಾದ ಭಾಗ) ಬಿಜಾಪುರದ ಆದಿಲ್ ಶಾಹಿಯಿಂದ ಪೋರ್ಚುಗೀಸರ ಕೈಗೆ ಹೋಯ್ತು, 1560ಕ್ಕೆ ಗೋವಾದಲ್ಲಿ ಇನ್‌ಕ್ವಿಸಿಷನ್ ಅನ್ನೋ ಚರ್ಚಿನ ವಿಚಾರಣಾ ನ್ಯಾಯಾಲಯ ಬಂತು, 1567ರಲ್ಲಿ ಸಾಷ್ಟಿಯ ಗುಡಿಗಳನ್ನ ಸಾಲಾಗಿ ಕೆಡವಿದ್ರು. ಇದನ್ನ ಬರೀ ಧರ್ಮದ ಜಗಳ ಅಂತ ಓದಿದ್ರೆ ಅರ್ಧ ವಿಷಯ ಬಿಟ್ಟೋಗುತ್ತೆ. ಅಲ್ಲಿ ಊರ ಜಮೀನು ಗಾಂವ್‌ಕಾರರು, ಅಂದ್ರೆ ಊರಿನ ಮೂಲ ಮನೆತನದವ್ರು, ಒಟ್ಟಾಗಿ ನೋಡ್ಕೋತಿದ್ರು, ಗುಡಿಗೂ ಅದ್ರಲ್ಲೇ ಪಾಲು ಬಿಟ್ಟಿರ್ತಿದ್ರು, ಗುಡಿ ಬಿತ್ತು ಅಂದ್ರೆ ಆ ಗದ್ದೆ ಹುಟ್ಟುವಳಿ ಚರ್ಚಿನ ಕಡೆ ಹೋಗ್ತಿತ್ತು. ಕುಂಕೊಳ್ಳಿ, ವೆರೊಡಾ, ಅಸೊಳ್ಣಾ, ವೆಳಿ, ಆಂಬೆಲಿ ಐದೂ ಊರಿನವ್ರು ಕಂದಾಯ ಕಟ್ಟಲ್ಲ ಅಂತ ಪಟ್ಟು ಹಿಡಿದ್ರು, ಕೆಡವಿದ ಗುಡಿನ ಮತ್ತೆ ಕಟ್ಟಿದ್ರು.

ನಮ್ ಹೊನ್ನಾಳಿ, ಚನ್ನಗಿರಿ ಸೀಮೆಲಿ 1830ರ ನಗರ ದಂಗೆ (ಮೈಸೂರು ಸಂಸ್ಥಾನದ ವಿರುದ್ಧ ರೈತರು ಎದ್ದಿದ್ದು) ಕಥೆ ಗೊತ್ತಿದ್ದೋರಿಗೆ ಇದು ಹೊಸದಲ್ಲ. ಇಲ್ಲಿ ಮತಾಂತರದ ಮಾತಿರ್ಲಿಲ್ಲ, ಆದ್ರೆ ರೈತ ಮೊದ್ಲು ಮಾಡಿದ್ದು ಅದನ್ನೇ, ಕಂದಾಯ ನಿಲ್ಸಿದ್ದು.

1583ರ ಜುಲೈ 15ರಂದು ರೊಡಾಲ್ಫೊ ಅಕ್ವಾವಿವಾ ಅನ್ನೋ ಪಾದ್ರಿ (ಅಕ್ಬರನ ದರ್ಬಾರಲ್ಲಿ ಇದ್ದು ಬಂದವ್ರು) ಚರ್ಚಿಗೆ ಜಾಗ ನೋಡೋಕೆ ತಮ್ಮೋರ ಜೊತೆ ಕುಂಕೊಳ್ಳಿಗೆ ಬಂದ್ರು. ಜನ ಮುಗಿಬಿದ್ರು, ಐದು ಜನ ಜೆಸ್ಯುಟ್ಟರು (ಅಕ್ವಾವಿವಾ ಸೇರಿದ್ದ ಕ್ಯಾಥೊಲಿಕ್ ಪಂಥದವ್ರು) ಸತ್ರು, ಜೊತೆಗಿದ್ದ ಸ್ಥಳೀಯ ಕ್ರೈಸ್ತರೂ ಸತ್ರು. ಆ ಜೆಸ್ಯುಟ್ಟರ ಕೈಲಿ ಆಯುಧ ಇರ್ಲಿಲ್ಲ, ಅದನ್ನ ಮುಚ್ಚಿಟ್ಟು ಬರೆಯೋಕೆ ನಂಗೆ ಮನಸ್ಸಿಲ್ಲ.

ಆಮೇಲೆ ನಡೆದಿದ್ದು ಇನ್ನೂ ಸಂಕಟ. ಮಾತುಕತೆಗೆ ಬನ್ನಿ ಅಂತ ಪೋರ್ಚುಗೀಸರು ಊರ ಮುಖಂಡರನ್ನ ಅಸೊಳ್ಣಾ ಕೋಟೆಗೆ ಕರೆಸಿ, ಒಳಗೆ ಬಂದವರನ್ನ ಕೊಂದೇ ಬಿಟ್ರು, ಒಬ್ಬ ಮಾತ್ರ ನದಿಗೆ ಹಾರಿ ತಪ್ಪಿಸ್ಕೊಂಡು ಕಾರವಾರದ ಕಡೆ ಹೋದ ಅಂತ ಹೇಳ್ತಾರೆ. ಅಸೊಳ್ಣಾ, ವೆಳಿ, ಆಂಬೆಲಿ ಊರುಗಳನ್ನ ಕಿತ್ಕೊಂಡು ಹೊರಗಿನವ್ರಿಗೆ ಉಂಬಳಿ ಕೊಟ್ರು, ತಮ್ಮದೇ ಗದ್ದೆಲಿ ರೈತರು ಗೇಣಿದಾರರಾದ್ರು. ಈ ಗಲಾಟೆ ಕಾಲದಲ್ಲೇ ಊರಿನವ್ರು ತಮ್ಮ ದೇವಿನ ಕುಂಕೊಳ್ಳಿಯಿಂದ ಪಕ್ಕದ ಫಾತರ್ಪಾಕ್ಕೆ ಸಾಗಿಸಿದ್ರು, ಹೆಸರು ಮಾತ್ರ ಕುಂಕೊಳ್ಳಿದೇ ಉಳೀತು.

ಈಗ್ಲೂ ವರ್ಷಕ್ಕೊಂದ್ಸಲ ಶಿಗ್ಮೋ (ಗೋವಾದ ಹೋಳಿ ಹಬ್ಬ) ಹೊತ್ತಲ್ಲಿ ದೇವಿ ಕುಂಕೊಳ್ಳಿಗೆ ಬರ್ತಾಳೆ, ಊರಿನ 12 ವಾಂಗಡಗಳ (ಮನೆತನಗಳ ಬಳಗ) ಹೆಸರಲ್ಲಿ 12 ಛತ್ರಿ ಹಿಡೀತಾರೆ, ಗುಲಾಲು ಎರಚ್ತಾರೆ. ಅದೇ ವಾಂಗಡದ ಕ್ರೈಸ್ತ ಮನೆತನದವ್ರೂ ಆ ಮೆರವಣಿಗೆಲಿ ಇರ್ತಾರೆ.