ನಡೆಯುವವರು ಲೆಕ್ಕಕ್ಕಿಲ್ಲ

ಸಾರಿಗೆ ಯೋಜನೆಯ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಗರದ ರಸ್ತೆಗಳಿಗಾಗಿ 1990ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿರುವ ಪಟ್ಟಿ ಅದು. ರಸ್ತೆಯಲ್ಲಿ ಹಾದುಹೋಗುವ ಒಂದೊಂದು ವಾಹನವೂ ಎಷ್ಟು ಕಾರುಗಳಿಗೆ ಸಮ ಎಂದು ಅದು ಹೇಳುತ್ತದೆ. ಕಾರು 1. ಸೈಕಲ್ 0.4. ಬಸ್ಸು 2.2, ದಟ್ಟಣೆಯಲ್ಲಿ ಅಂಥ ವಾಹನಗಳ ಪಾಲು ಹೆಚ್ಚಿದ್ದರೆ 3.7. ತಳ್ಳುಗಾಡಿ 2ರಿಂದ 3. ಕಾಲ್ನಡಿಗೆಯವರು ಆ ಪಟ್ಟಿಯಲ್ಲೇ ಇಲ್ಲ.

ಪಟ್ಟಿ ಮಾಡಿದವರನ್ನು ದೂರುತ್ತಿಲ್ಲ. ಯಾವ ವಾಹನ ಎಷ್ಟು ಜಾಗ ತಿನ್ನುತ್ತದೆ, ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ಅಳೆಯುವುದಷ್ಟೇ ಅದರ ಉದ್ದೇಶ. ಆದರೆ ಮೇಲ್ಸೇತುವೆ ಎಲ್ಲಿ ಬೇಕು, ರಸ್ತೆ ಎಷ್ಟು ಅಗಲವಾಗಬೇಕು, ಸಿಗ್ನಲ್ ಯಾರಿಗೆ ಎಷ್ಟು ಹೊತ್ತು ಹಸಿರಾಗಬೇಕು ಎಂಬ ನಿರ್ಧಾರಗಳೆಲ್ಲ ಈ ಒಂದೇ ಅಳತೆಗೋಲಿನ ಮೇಲೆ ನಿಂತಾಗ ಲೆಕ್ಕ ತಲೆಕೆಳಗಾಗುತ್ತದೆ. ಅರವತ್ತು ಜನರನ್ನು ಹೊತ್ತ ಬಸ್ಸು ಎರಡು ಮೂರು ಕಾರುಗಳಷ್ಟು ತೊಂದರೆ ಎನಿಸಿಕೊಳ್ಳುತ್ತದೆ. ಟೊಮೆಟೊ ಮಾರುವವರ ಗಾಡಿ ಅಡಚಣೆಯಾಗುತ್ತದೆ. ನೂರು ಜನ ನಡೆದು ದಾಟಿದರೂ ಕಾಗದದ ಮೇಲೆ ಸೊನ್ನೆ.

ಈಗ ಬೆಂಗಳೂರಿನ ಅನೇಕ ವೃತ್ತಗಳಲ್ಲಿ ದಟ್ಟಣೆ ನೋಡಿ ತಾನೇ ಸಮಯ ಬದಲಿಸುವ ಸಿಗ್ನಲ್‌ಗಳು ಬಂದಿವೆ. ಯಾವ ದಿಕ್ಕಿನಲ್ಲಿ ಎಷ್ಟು ವಾಹನ ನಿಂತಿವೆ ಎಂದು ಎಣಿಸಿ, ಅದಕ್ಕೆ ತಕ್ಕಂತೆ ಹಸಿರು ಹಂಚುವುದು ಅವುಗಳ ಕೆಲಸ. ಒಳ್ಳೆಯ ತಂತ್ರಜ್ಞಾನವೇ, ಖಾಲಿ ರಸ್ತೆಗೆ ಹಸಿರು ತೋರಿಸುತ್ತಾ ಡೀಸೆಲ್ ಸುಡುವುದಕ್ಕಿಂತ ಎಷ್ಟೋ ಮೇಲು. ಆದರೆ ಯಂತ್ರ ತನಗೆ ಕಲಿಸಿದ್ದನ್ನು ಮಾತ್ರ ಎಣಿಸುತ್ತದೆ. ವಾಹನ ಗುರುತಿಸಲು ಮಾತ್ರ ಕಲಿಸಿದ ಕಡೆ, ನಡೆಯುವವರ ಸಮಯ ಮೊದಲೇ ಗೊತ್ತುಮಾಡಿದ ಅಂಕಿಯಾಗಿ ಉಳಿಯುತ್ತದೆ. ಅದನ್ನು ಲೆಕ್ಕ ಹಾಕುವಾಗ ರೂಢಿಯಲ್ಲಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. ರಸ್ತೆ 18 ಮೀಟರ್ ಅಗಲವಿದ್ದರೆ 15 ಸೆಕೆಂಡು.

ಒಂದು ಮಾರುಕಟ್ಟೆಯ ಪಕ್ಕದ ವೃತ್ತದಲ್ಲಿ ಇಬ್ಬರು ವಿದ್ಯಾರ್ಥಿಗಳೊಂದಿಗೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಸೊಂಟದ ಮೇಲೆ ಹೂವಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಮೊಮ್ಮಗನ ಕೈ ಹಿಡಿದ ಅಜ್ಜಿಯೊಬ್ಬರು ದಾಟತೊಡಗಿದರು. ಆ 18 ಮೀಟರ್ ದಾಟಲು ಅವರಿಗೆ 24 ಸೆಕೆಂಡು ಬೇಕಾಯಿತು. ನಡುರಸ್ತೆ ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೀಪ ಬದಲಾಯಿತು, ಬೈಕುಗಳು ಮುಂದಕ್ಕೆ ನುಗ್ಗಿದವು. ಅಜ್ಜಿ ಹುಡುಗನನ್ನು ಸೆರಗಿನ ಹಿಂದಕ್ಕೆಳೆದುಕೊಂಡು, ಅಂಗೈ ಅಡ್ಡ ಹಿಡಿದುಕೊಂಡೇ ಉಳಿದ ದಾರಿ ದಾಟಿದರು. ಈಚೆ ಬಂದವರು ನೇರ ನಮ್ಮ ಬಳಿಯೇ ಬಂದು, “ಏನಮ್ಮಾ ಬರೆದುಕೊಳ್ಳುತ್ತಿದ್ದೀರಿ?” ಎಂದು ಕೇಳಿದರು. “ನೀವು ದಾಟಲು ಎಷ್ಟು ಹೊತ್ತು ಹಿಡಿಯಿತು ಎಂದು, ಅಜ್ಜಿ” ಎಂದೆ. “ಹಾಗಾದರೆ ಸಂಜೆಯೂ ಬನ್ನಿ. ಸಂಜೆ ಇನ್ನೂ ಕಷ್ಟ” ಎಂದು ಹೇಳಿ ಬುಟ್ಟಿ ಸರಿಮಾಡಿಕೊಂಡು ಹೊರಟರು.

ಸಂಜೆ ಹೋದೆವು. ದಾಖಲೆಯ ಪ್ರಕಾರ ಆ ರಸ್ತೆಯಲ್ಲಿ ಬೀದಿದೀಪಗಳಿಗೆ ಕೊರತೆಯಿಲ್ಲ, ಎಲ್ಲವೂ ಉರಿಯುತ್ತಲೂ ಇದ್ದವು. ಆದರೆ ಹೊಂಗೆ ಮರಗಳ ಕೊಂಬೆ ದೀಪಕ್ಕಿಂತ ಕೆಳಗೆ ಚಾಚಿಕೊಂಡು, ಬೆಳಕೆಲ್ಲ ವಾಹನಗಳ ಪಾಲಾಗಿತ್ತು. ಪಾದಚಾರಿ ಮಾರ್ಗದಲ್ಲಿ ಎದುರಿಗೆ ಬರುವವರ ಮುಖ ಕಾಣುತ್ತಿರಲಿಲ್ಲ. ನಮ್ಮ ನಗರಗಳ ದತ್ತಾಂಶದಲ್ಲಿ ಕಂಬಗಳ ಲೆಕ್ಕವಿದೆ, ನೆಲಕ್ಕೆ ಬಿದ್ದ ಬೆಳಕಿನ ಲೆಕ್ಕವಿಲ್ಲ. ಕೈಯಲ್ಲಿ ಹಿಡಿಯುವ ಪುಟ್ಟ ಬೆಳಕುಮಾಪಕದಿಂದ ಹತ್ತು ಮೀಟರಿಗೊಮ್ಮೆ ಅಳೆದರೆ ಒಂದೇ ಸಂಜೆಯಲ್ಲಿ ಸಿಗುವ ಮಾಹಿತಿ ಅದು. ಆ ಬೀದಿಗೆ ಬೇಕಿದ್ದುದು ಹೊಸ ಕಂಬವಲ್ಲ. ಕೊಂಬೆ ಸವರುವುದು, ಇಲ್ಲವೇ ಅದೇ ಕಂಬಕ್ಕೆ ಇನ್ನಷ್ಟು ಕೆಳಗೆ ಒಂದು ದೀಪ.

ಎಣಿಕೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆಯಿದೆ. 2023ರ ಜೂನ್ 11ರಂದು, ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾಯಿತು. ಅದರ ಪರ–ವಿರೋಧ ವಾದಗಳ ಗದ್ದಲದಲ್ಲಿ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಅದುವರೆಗೆ ಮಾಮೂಲಿ ಬಸ್ ಟಿಕೆಟ್ ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡು ಎಂದು ಹೇಳುತ್ತಿತ್ತೇ ಹೊರತು ಪ್ರಯಾಣಿಸಿದವರು ಹೆಣ್ಣೋ ಗಂಡೋ ಎಂದು ಹೇಳುತ್ತಿರಲಿಲ್ಲ. ಶೂನ್ಯ ಟಿಕೆಟ್ ಬಂದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ದಿನದಿನವೂ ದಾಖಲಾಗತೊಡಗಿತು. ನಮ್ಮಂಥವರಿಗೆ ಅದು ದೊಡ್ಡ ಭಂಡಾರ. ಯಾವ ಮಾರ್ಗದಲ್ಲಿ ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಹೆಂಗಸರು ಹೆಚ್ಚು, ಎಲ್ಲಿ ಸಂಜೆ ಏಳಾದ ಮೇಲೆ ಥಟ್ಟನೆ ಕಡಿಮೆಯಾಗುತ್ತಾರೆ ಎಂಬುದನ್ನು ಹುಡುಕಲು ಅದರಲ್ಲಿ ದಾರಿಯಿದೆ.

ಬಸ್ ಹತ್ತಿದವರ ಲೆಕ್ಕ ಇದು. ಬಸ್ಸೇ ಇಲ್ಲದ್ದರಿಂದ ಹತ್ತದವರ ಲೆಕ್ಕ ಯಾವ ಟಿಕೆಟ್ ಯಂತ್ರದಲ್ಲೂ ಸಿಗುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೂ ಗೂಗಲ್ ಕಂಪನಿಯೂ 2005ರ ಸುಮಾರಿಗೆ ರೂಪಿಸಿದ ಸರಳ ಕಡತ ಮಾದರಿಯಲ್ಲಿ ಇಂದು ಜಗತ್ತಿನಾದ್ಯಂತ ಬಸ್ ವೇಳಾಪಟ್ಟಿಗಳನ್ನು ಬರೆದಿಡುತ್ತಾರೆ. ವೇಳಾಪಟ್ಟಿ ಆ ರೂಪದಲ್ಲಿದ್ದರೆ, ಒಂದು ಬಡಾವಣೆಯಿಂದ 45 ನಿಮಿಷದಲ್ಲಿ ಎಲ್ಲೆಲ್ಲಿ ತಲುಪಬಹುದು ಎಂಬ ನಕ್ಷೆಯನ್ನು ಕಂಪ್ಯೂಟರ್ ಬಿಡಿಸಿಕೊಡುತ್ತದೆ. ನಾನು ಯಾವಾಗಲೂ ಎರಡು ನಕ್ಷೆ ತೆಗೆಯಿಸುತ್ತೇನೆ: ಬೆಳಿಗ್ಗೆ ಒಂಬತ್ತರದೊಂದು, ನಸುಕಿನ ಐದೂಕಾಲರದೊಂದು. ಒಂಬತ್ತರ ನಕ್ಷೆ ಅಂಗೈಯಂತೆ ಅರಳಿದ್ದರೆ, ಐದೂಕಾಲರದು ಮುಷ್ಟಿಯಂತೆ ಮುದುಡಿರುತ್ತದೆ. ಬೆಳಕು ಹರಿಯುವ ಮುನ್ನ ಪೊರಕೆ ಹಿಡಿಯಬೇಕಾದ ಪೌರಕಾರ್ಮಿಕರು, ಸೊಪ್ಪಿನ ಸಗಟು ಮಾರುಕಟ್ಟೆಗೆ ಹೋಗುವವರು, ಆಸ್ಪತ್ರೆಯ ಆಯಾಗಳು ಬದುಕುವುದು ಆ ಎರಡನೆಯ ನಕ್ಷೆಯಲ್ಲಿ.

ಮೊಬೈಲ್‌ಗಳ ಚಲನೆಯಿಂದ ಎಲ್ಲವೂ ತಿಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಮನೆಗೆಲಸಕ್ಕೆ ಹೋಗುವ ಎಷ್ಟೋ ತಾಯಂದಿರು ಇರುವ ಒಂದೇ ಫೋನನ್ನು ಮಕ್ಕಳ ಬಳಿ ಬಿಟ್ಟು ಹೋಗುತ್ತಾರೆ. ದತ್ತಾಂಶದ ಪ್ರಕಾರ ಆ ತಾಯಿ ಇಡೀ ದಿನ ಮನೆಯಲ್ಲೇ ಇದ್ದಾಳೆ.

ಪಾದಚಾರಿ ಮಾರ್ಗದ ದಾಖಲೆಯದೂ ಇದೇ ಕತೆ. ‘ಇದೆ’ ಅಥವಾ ‘ಇಲ್ಲ’ ಎಂಬ ಒಂದೇ ಕಾಲಂ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯಲು 1.8 ಮೀಟರ್ ಅಗಲ ಬೇಕು. ಹೆಚ್ಚೆಂದರೆ 150 ಮಿಲಿಮೀಟರ್ ಎತ್ತರವಿರಬೇಕಾದ ಅಂಚುಗಲ್ಲನ್ನು ಹತ್ತಲು ಹನ್ನೆರಡಕ್ಕೆ ಒಂದರಂತೆ ಇಳಿಜಾರು ಬೇಕು. ಅರ್ಧ ಕಿಲೋಮೀಟರ್ ಚೆಂದದ ಕಲ್ಲು ಹಾಸಿ, ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಗಾಲಿಕುರ್ಚಿಯವರ ಪಾಲಿಗೆ ಆ ಮಾರ್ಗ ಇಲ್ಲವೆಂದೇ ಅರ್ಥ. ಹಾಗಾಗಿ ನಾವು ಸರಾಸರಿ ಅಗಲವನ್ನು ಬರೆಯುವುದನ್ನೇ ಬಿಟ್ಟು, ಅತಿ ಇಕ್ಕಟ್ಟಾದ ಜಾಗದ ಅಗಲವನ್ನು ಬರೆಯುತ್ತೇವೆ.

ಆ ವೃತ್ತದ ವರದಿ ಒಪ್ಪಿಸಿದಾಗ ಅಲ್ಲಿದ್ದ ಎಂಜಿನಿಯರ್ ಒಂಬತ್ತು ಸೆಕೆಂಡು ಹೆಚ್ಚು ಕೊಡಲು ಹಿಂಜರಿಯಲಿಲ್ಲ. “ಆದರೆ ದಾಟುವವರು ಎಷ್ಟು ಜನ ಎಂದು ತೋರಿಸಿ, ಮೇಲಿನವರಿಗೆ ನಾನು ಹೇಳಬೇಕಲ್ಲ” ಎಂದರು. ನನ್ನ ವೃತ್ತಿಯಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಅಧಿಕಾರಿ ಅವರು. ಮುಂದಿನ ವಾರ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಎಣಿಸಲಿದ್ದೇವೆ. ಎಣಿಕೆ ಹಾಳೆಯಲ್ಲಿ ಕಾರು, ಬಸ್ಸು, ಬೈಕುಗಳ ಎಡಕ್ಕೆ, ಎಲ್ಲಕ್ಕಿಂತ ಮೊದಲ ಕಾಲಂ ಕಾಲ್ನಡಿಗೆಯದು. ಅದರೊಳಗೆ ಇನ್ನೂ ಮೂರು ಗೆರೆ ಎಳೆದಿದ್ದೇವೆ: ಮಗುವಿನ ಕೈ ಹಿಡಿದವರು, ಹೊರೆ ಹೊತ್ತವರು, ಊರುಗೋಲು ಅಥವಾ ಗಾಲಿಕುರ್ಚಿಯವರು. ಹೂವಿನ ಅಜ್ಜಿಯನ್ನು ಯಾವ ಗೆರೆಯಲ್ಲಿ ಬರೆಯುವುದು ಎಂದು ವಿದ್ಯಾರ್ಥಿಗಳು ಕೇಳಿದರು. ಎರಡರಲ್ಲೂ ಬರೆಯಿರಿ ಎಂದಿದ್ದೇನೆ.