ಎಸಿ ‘ಗ್ಯಾಸ್ ಖಾಲಿ’ ಅಂದ್ರೆ ಏನು?

ಶಿವರಾತ್ರಿ ಕಳೆದು ಶಿವಮೊಗ್ಗದಲ್ಲಿ ಬಿಸಿಲು ಏರಿತೆಂದರೆ ಈ ಮಾತು ಶುರು: ‘ಕಾರಿನ ಎಸಿ ತಣ್ಣಗಾಗ್ತಿಲ್ಲ, ಗ್ಯಾಸ್ ಖಾಲಿ ಆಗಿದೆ ಅನ್ಸುತ್ತೆ.’ ಅಡಿಕೆ ಮಂಡಿಯಲ್ಲೂ ಅದೇ, ಮದುವೆ ಮನೆಯ ಪಂಕ್ತಿಯಲ್ಲೂ ಅದೇ. ಮೊನ್ನೆ ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ‘ಪ್ರತಿ ಬೇಸಿಗೆಗೂ ಹಾಕಿಸ್ತೀನಿ ಮಾರಾಯ, ಮುಂದಿನ ವರ್ಷಕ್ಕೆ ಖಾಲಿ ಆಗಿರುತ್ತೆ’ ಅಂದರು. ಕಾರಿಗೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವುದು ಇನ್ಶೂರೆನ್ಸ್ ಕಟ್ಟುವಷ್ಟೇ ಸಹಜ ಎಂಬ ಧಾಟಿ ಅವರದು. ಇನ್ನು ಸುಮ್ಮನಿರೋದು ಸರಿಯಲ್ಲ ಅನ್ನಿಸಿತು.

ಎಸಿ ಗ್ಯಾಸ್ ಖಾಲಿಯಾಗುವುದಿಲ್ಲ. ಸೋರುತ್ತದೆ. ‘ಎರಡೂ ಒಂದೇ ಅಲ್ವಾ?’ ಅನ್ನುವವರಿಗಾಗಿಯೇ ಇಷ್ಟುದ್ದ ಬರೆಯುತ್ತಿರುವುದು.

ತಕರಾರು ಇರುವುದು ‘ಖಾಲಿ’ಯ ಮೇಲೆ. ಆದರೆ ‘ಗ್ಯಾಸ್’ನ ಹುಟ್ಟು ತುಂಬ ಸ್ವಾರಸ್ಯದ್ದು, ಅಲ್ಲಿಂದಲೇ ಶುರು ಮಾಡೋಣ. ಇದು ಒಬ್ಬ ಮನುಷ್ಯ ಕೂತು ಕಟ್ಟಿದ ಪದ. ಬ್ರಸೆಲ್ಸ್ ಸೀಮೆಯ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ 1644ರಲ್ಲಿ ತೀರಿಕೊಂಡ. ಅವನ ಬರಹಗಳನ್ನು ಮಗ 1648ರಲ್ಲಿ ಅಚ್ಚು ಹಾಕಿಸಿದ. ಈ ಪದ ಎಲ್ಲರಿಗೂ ಗೊತ್ತಾದದ್ದು ಅಲ್ಲಿಂದ. ಹೆಲ್ಮಾಂಟ್ 62 ಪೌಂಡ್ ಇದ್ದಿಲು ಸುಟ್ಟರೆ ಉಳಿಯುವುದು ಒಂದೇ ಪೌಂಡ್ ಬೂದಿ ಎಂದು ಲೆಕ್ಕ ಹಾಕಿದ್ದ. ಮಿಕ್ಕ 61 ಪೌಂಡ್ ಎಲ್ಲಿಗೆ ಹೋಯಿತು? ಕಣ್ಣಿಗೆ ಕಾಣದ ಏನೋ ಒಂದಾಗಿ ಹಾರಿಹೋಯಿತು ಅಂದ. ಅದಕ್ಕೆ ಹೆಸರಿರಲಿಲ್ಲ. ಗ್ರೀಕರು ಸೃಷ್ಟಿಗೆ ಮುಂಚಿನ ಆಕಾರವಿಲ್ಲದ ಸ್ಥಿತಿಗೆ ‘ಕೇಆಸ್’ ಅನ್ನುತ್ತಿದ್ದರು. ಅದನ್ನೇ ತನ್ನ ನಾಡಿನ ನಾಲಿಗೆಗೆ ಒಗ್ಗಿಸಿ ‘ಗ್ಯಾಸ್’ ಮಾಡಿದ. ಇದ್ದಿಲಿನಿಂದ ಬಂದದ್ದಕ್ಕೆ ‘ಸಿಲ್ವೆಸ್ಟ್ರೆ’ ಎಂದು ಬಾಲ ಸೇರಿಸಿದ. ಲ್ಯಾಟಿನ್‌ನಲ್ಲಿ ‘ಸಿಲ್ವ’ ಅಂದರೆ ಕಾಡು. ಒಟ್ಟಿನಲ್ಲಿ ಕಾಡು ಗ್ಯಾಸ್. ಯಾವ ಪಾತ್ರೆಯಲ್ಲೂ ಹಿಡಿದಿಡಲು ಆಗುವುದಿಲ್ಲ, ಕಣ್ಣಿಗೆ ಕಾಣುವ ರೂಪಕ್ಕೂ ತರಲಾಗುವುದಿಲ್ಲ ಎಂಬುದು ಅವನ ವಿವರಣೆ.

ಅವನು ಆಗದು ಅಂದ ಎರಡೂ ಕೆಲಸವನ್ನು ಈಗ ಕಾರಿನ ಬಾನೆಟ್ ಕೆಳಗಿನ ಡಬ್ಬಿಗಳು ಮಾಡುತ್ತಿವೆ. ಗ್ಯಾಸನ್ನು ಪೈಪಿನೊಳಗೆ ಬಂಧಿಸಿ, ಒತ್ತಿ, ನೀರಿನಂತೆ ದ್ರವ ಮಾಡುತ್ತವೆ. 1823ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ಕ್ಲೋರಿನ್ ಗ್ಯಾಸನ್ನು ದ್ರವ ಮಾಡಿ ತೋರಿಸಿದ. 1834ರಲ್ಲಿ ಜೇಕಬ್ ಪರ್ಕಿನ್ಸ್ ಇದೇ ಬಗೆಯ ತಂಪಿನ ಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮ ಪಠ್ಯಪುಸ್ತಕದ ‘ಅನಿಲ’ ಈ ‘ಗ್ಯಾಸ್’ ಪದಕ್ಕಿಂತ ಬಹಳ ಹಳೆಯದು. ಸಂಸ್ಕೃತದಲ್ಲಿ ಅದರ ಅರ್ಥ ಗಾಳಿ. ಎಸಿ ಗ್ಯಾಸಿಗೆ ‘ಶೀತಕ’ ಎಂಬ ಒಳ್ಳೆಯ ಪದವೂ ಇದೆ. ಗ್ಯಾರೇಜಿನಲ್ಲಿ ‘ಶೀತಕ ಕಡಿಮೆಯಾಗಿದೆಯೇ ನೋಡಿ’ ಅಂದು ನೋಡಿ, ಏನಾಗುತ್ತದೋ ನಾನು ಹೊಣೆಯಲ್ಲ.

ಈಗ ‘ಖಾಲಿ’. ಇದು ಎಸಿಗೆ ಹೇಗೆ ಅಂಟಿಕೊಂಡಿತು ಅನ್ನೋದು ಸುಲಭವಾಗಿ ಗೊತ್ತಾಗುತ್ತದೆ. ಮಲೆನಾಡಿಗೆ ಪರಿಚಯವಾದ ಗ್ಯಾಸೆಲ್ಲ ಉರಿದು ಮುಗಿಯುವಂಥದ್ದೇ. ಬಯಲಾಟಕ್ಕೆ ಹಚ್ಚುತ್ತಿದ್ದ ಗ್ಯಾಸ್ ಲೈಟು, ಕೊಟ್ಟಿಗೆ ಹಿಂದಿನ ಗೋಬರ್ ಗ್ಯಾಸು, ಆಮೇಲೆ ಬಂದ 14.2 ಕೆಜಿಯ ಸಿಲಿಂಡರು. ಹಚ್ಚಿದರೆ ಉರಿಯುತ್ತದೆ, ಉರಿದರೆ ಮುಗಿಯುತ್ತದೆ, ಮುಗಿದರೆ ಬುಕ್ ಮಾಡಬೇಕು. ಕಾರಿಗೆ ಎಸಿ ಬಂದಾಗ ಆ ಲೆಕ್ಕವೇ ಜೊತೆಗೆ ಬಂತು. ‘ಎಸಿ ಜಾಸ್ತಿ ಹಾಕಬೇಡ, ಗ್ಯಾಸ್ ಖರ್ಚಾಗುತ್ತೆ’ ಎಂದು ಮೊಮ್ಮಕ್ಕಳಿಗೆ ಹೇಳುವ ಅಜ್ಜಂದಿರಿದ್ದಾರೆ. ಎಸಿ ಹಾಕಿದರೆ ಪೆಟ್ರೋಲ್ ಖರ್ಚಾಗುತ್ತದೆ, ಅದು ನಿಜ. ಗ್ಯಾಸ್ ಒಂದು ಗ್ರಾಮೂ ಖರ್ಚಾಗುವುದಿಲ್ಲ.

ಅದು ಡೈರಿಗೆ ಹೋಗುವ ಹಾಲಿನ ಕ್ಯಾನ್ ಇದ್ದಂತೆ. ತುಂಬಿಕೊಂಡು ಹೋಗುತ್ತದೆ, ಸುರಿದು ಬರುತ್ತದೆ, ಮತ್ತೆ ಹೋಗುತ್ತದೆ. ಹಾಲು ಖರ್ಚಾಗುತ್ತದೆಯೇ ಹೊರತು ಕ್ಯಾನ್ ಅಲ್ಲ. ಕಾರಿನಲ್ಲಿ ಹಾಲಿನ ಜಾಗದಲ್ಲಿರುವುದು ಒಳಗಿನ ಬಿಸಿ. ಈಗ ಓಡುತ್ತಿರುವ ಹೆಚ್ಚಿನ ಕಾರುಗಳಲ್ಲಿರುವ ಗ್ಯಾಸ್ ಆರ್-134ಎ. ಬಯಲಿನ ಗಾಳಿಯ ಒತ್ತಡದಲ್ಲಿ ಅದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಇವಾಪರೇಟರ್‌ನಲ್ಲಿ ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುವಾಗ ಸುತ್ತಲಿನ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಬಿಸಿ ಬಿಟ್ಟು ಮತ್ತೆ ದ್ರವವಾಗುತ್ತದೆ. ಇಷ್ಟೇ.

‘ಹಾಗಾದ್ರೆ ಕಡಿಮೆ ಆಗೋದೇ ಇಲ್ವಾ?’ ಆಗುತ್ತದೆ. ಮನೆಯ ಫ್ರಿಜ್ ನೋಡಿ. ಹೆಚ್ಚಿನವು ಹಳತಾಗಿ ಮೂಲೆ ಸೇರುವವರೆಗೂ ಒಮ್ಮೆಯೂ ಗ್ಯಾಸ್ ಕೇಳುವುದಿಲ್ಲ. ಅದರ ಕಂಪ್ರೆಸರ್, ಮೋಟಾರ್ ಎರಡೂ ಬೆಸುಗೆ ಹಾಕಿದ ಒಂದೇ ಡಬ್ಬಿಯಲ್ಲಿವೆ, ಪೈಪೆಲ್ಲ ಲೋಹ. ಕಾರಿನಲ್ಲಿ ಕಂಪ್ರೆಸರನ್ನು ಇಂಜಿನ್ ಬೆಲ್ಟ್ ತಿರುಗಿಸುತ್ತದೆ. ಅದರ ಶಾಫ್ಟ್ ಸೀಲ್ ದಾಟಿ ಹೊರಗೆ ಬರಬೇಕು. ಇಂಜಿನ್ ಅದುರುವುದರಿಂದ ನಡುವೆ ರಬ್ಬರ್ ಪೈಪ್ ಬೇಕು, ಜಾಯಿಂಟ್ ಜಾಯಿಂಟಿಗೂ ಓ-ರಿಂಗ್ ಎಂಬ ರಬ್ಬರ್ ಬಳೆ ಬೇಕು. ಇವುಗಳ ಮೂಲಕ ವರ್ಷಗಟ್ಟಲೆ ಸ್ವಲ್ಪಸ್ವಲ್ಪ ಜಿನುಗುತ್ತದೆ. ಅದು ಸಹಜ. ಆದರೆ ಪ್ರತಿ ಬೇಸಿಗೆಗೂ ‘ಖಾಲಿ’ ಆದರೆ ಅದು ಜಿನುಗುವುದಲ್ಲ, ತೂತು. ನಮ್ಮ ನೆಂಟರು ವರ್ಷವರ್ಷ ದುಡ್ಡು ಕೊಟ್ಟದ್ದು ಆ ತೂತಿಗೇ. ಹಾಕಿದವರು ಅದನ್ನು ಹುಡುಕಿಕೊಡಲಿಲ್ಲ, ಇವರೂ ಕೇಳಲಿಲ್ಲ. ‘ಖಾಲಿ’ ಅಂದುಕೊಂಡವರು ಯಾಕೆ ಕೇಳುತ್ತಾರೆ ಹೇಳಿ.

ಸೋರಿಕೆಯ ಗುರುತನ್ನು ಮನೆಯಲ್ಲೇ ಹುಡುಕಬಹುದು. ಗ್ಯಾಸ್ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವಲ್ಲಿ ಎಣ್ಣೆ ಪಸೆ ಬಿಡುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಟಾರ್ಚ್ ಬಿಟ್ಟು ಪೈಪಿನ ಜಾಯಿಂಟ್, ಕಂಪ್ರೆಸರ್‌ನ ಮೂತಿ, ಕಂಡೆನ್ಸರ್‌ನ ಮೂಲೆಗಳನ್ನು ನೋಡಿ. ಉಳಿದೆಲ್ಲ ಒಣ ಧೂಳಿದ್ದು ಒಂದೇ ಕಡೆ ಕಪ್ಪಗೆ ಜಿಡ್ಡಾಗಿದ್ದರೆ ಅಲ್ಲಿ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸಿಕ್ಕಿತು. ಏಳದಿದ್ದರೆ ಸೋರಿಕೆ ಇಲ್ಲ ಎಂದಲ್ಲ, ಸಣ್ಣದಿರಬಹುದು. ಅದಕ್ಕೆ ಯುವಿ ಡೈ ಎಂಬ ಹೊಳೆಯುವ ಬಣ್ಣ ಹಾಕಿ ನೀಲಿ ಲೈಟಿನಲ್ಲಿ ನೋಡುವ ಗ್ಯಾರೇಜ್ ಬೇಕು. ಇನ್ನೊಂದು ಗುರುತು: ಕಂಪ್ರೆಸರ್‌ಗೆ ಕ್ಲಚ್ ಇರುವ ಕಾರಾದರೆ, ಗ್ಯಾಸ್ ಕಡಿಮೆಯಾದಾಗ ಅದು ಕೆಲವೇ ಸೆಕೆಂಡಿಗೊಮ್ಮೆ ಟಕ್ ಎಂದು ಹಿಡಿದು ಟಕ್ ಎಂದು ಬಿಡುತ್ತಿರುತ್ತದೆ. ಇದನ್ನು ನೋಡಲು ಇಂಜಿನ್ ಓಡುತ್ತಿರಬೇಕು. ದೂರ ನಿಂತು ನೋಡಿ, ಬೆಲ್ಟಿನ ಹತ್ತಿರ ಕೈ, ಸೀರೆ ಸೆರಗು, ಪಂಚೆ ಯಾವುದೂ ಬೇಡ.

ಒತ್ತಡ ಅಳೆಯುವ ಗೇಜ್ ಇಟ್ಟುಕೊಂಡವರದು ಇನ್ನೊಂದು ತಪ್ಪು. ಇಂಜಿನ್ ಆಫ್ ಇರುವಾಗ ಗೇಜ್ ಚುಚ್ಚಿ ‘ಪ್ರೆಶರ್ 95 ಇದೆ, ಗ್ಯಾಸ್ ಫುಲ್ಲು’ ಅನ್ನುತ್ತಾರೆ. 30 ಡಿಗ್ರಿ ಸೆಕೆಯಲ್ಲಿ ಆರ್-134ಎ ಸುಮ್ನೆ ನಿಂತಿದ್ದರೂ ಹೆಚ್ಚುಕಡಿಮೆ ಅಷ್ಟೇ ಪಿಎಸ್‌ಐ ತೋರಿಸುತ್ತದೆ. ಒಳಗೆ 200 ಗ್ರಾಂ ಇರಲಿ, 400 ಗ್ರಾಂ ಇರಲಿ, ಸ್ವಲ್ಪ ದ್ರವ ಉಳಿದಿದ್ದರೆ ಸಾಕು. ಆ ಅಂಕಿ ಹೇಳುವುದು ಅವತ್ತಿನ ಸೆಕೆಯನ್ನು. ಎಷ್ಟು ಗ್ಯಾಸಿದೆ ಎಂದು ಗೊತ್ತಾಗುವುದು ಹೊರತೆಗೆದು ತೂಗಿದಾಗ ಮಾತ್ರ.

ಇಷ್ಟೆಲ್ಲ ಆದಮೇಲೂ ಒಂದು ಮಾತಿದೆ. ತಣ್ಣಗಾಗದ ಎಸಿಗೆಲ್ಲ ಗ್ಯಾಸೇ ಕಾರಣವಲ್ಲ. ಬ್ಲೋವರ್ ಸದ್ದು ಜೋರು, ಗಾಳಿ ಮಾತ್ರ ಕಡಿಮೆ ಅನ್ನಿಸಿದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೌಬಾಕ್ಸ್ ಹಿಂದೆ ಇರುತ್ತದೆ. ಅಡಿಕೆ ಸುಲಿಯುವ ಮನೆಯಂಗಳದಲ್ಲಿ ನಿಲ್ಲಿಸುವ ಕಾರಾದರೆ ಫಿಲ್ಟರಿನಲ್ಲಿ ನಾರು, ಧೂಳು, ಇಲಿ ಗೂಡಿನ ಚೂರು ಎಲ್ಲ ಸಿಕ್ಕೀತು. ಓಡುವಾಗ ತಂಪು, ಅಮೀರ್ ಅಹಮದ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಸೆಕೆ ಅನ್ನುವವರು ಮುಂದಿನ ಫ್ಯಾನ್ ತಿರುಗುತ್ತಿದೆಯೇ, ಕಂಡೆನ್ಸರ್‌ಗೆ ಮಣ್ಣು ಕಟ್ಟಿದೆಯೇ ನೋಡಬೇಕು. ಮಳೆಗಾಲದ ಕೆಂಪು ಮಣ್ಣು ಅದರ ತೆಳು ರೆಕ್ಕೆಗಳಲ್ಲಿ ಗಾರೆಯಂತೆ ಕೂರುತ್ತದೆ. ತೋಟದ ಪೈಪಿನ ಮೆಲ್ಲಗಿನ ನೀರು ಸಾಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳೇ ಮಡಚಿಹೋಗುತ್ತವೆ. ಒಂದರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿಯೇ ಬರದೆ, ಸ್ವಲ್ಪ ಹೊತ್ತು ಆಫ್ ಮಾಡಿದರೆ ಸರಿಹೋಗುವುದಾದರೆ ಇವಾಪರೇಟರ್ ಮಂಜುಗಟ್ಟುತ್ತಿದೆ. ಅದರ ಸೆನ್ಸರ್ ಕೆಟ್ಟಿರಬಹುದು, ಫಿಲ್ಟರ್ ಕಟ್ಟಿರಬಹುದು, ಒಮ್ಮೊಮ್ಮೆ ಗ್ಯಾಸೂ ಕಡಿಮೆಯಿರಬಹುದು.

ಇನ್ನು ಕಾರಿನಡಿ ತೊಟ್ಟಿಕ್ಕುವ ನೀರು ನೋಡಿ ‘ಗ್ಯಾಸ್ ಲೀಕ್’ ಅನ್ನುವವರು. ಆರ್-134ಎ ನೆಲಕ್ಕೆ ಬೀಳುವಷ್ಟು ಹೊತ್ತು ದ್ರವವಾಗಿ ಇರುವುದೇ ಇಲ್ಲ ಸ್ವಾಮಿ. ಅದು ಗಾಳಿಯ ಪಸೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಅಷ್ಟೇ. ಮಿಕ್ಕದ್ದು ನೀರಾಗಿ ಸುರಿಯಲೇಬೇಕು. ಆಗುಂಬೆ, ಹೊಸನಗರದ ಕಡೆಯ ಪಸೆ ತುಂಬಿದ ಗಾಳಿಯಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಈ ನೀರು ಹಿಂಡುವುದರಲ್ಲೇ ಹೋಗುತ್ತದೆ. ಹೊರಗಿನ ಗಾಳಿ ಎಳೆಯುವ ಬಟನ್ ಒತ್ತಿಕೊಂಡೇ ಓಡಿಸಿದರೆ ತಂಪು ಸಾಲದು, ಒಳಗಿನ ಗಾಳಿಯನ್ನೇ ಸುತ್ತಿಸಿ. ನೀರು ಹೊರಗೆ ಬೀಳದೆ ಎಡ ಸೀಟಿನವರ ಕಾಲಡಿಯ ಮ್ಯಾಟ್ ಒದ್ದೆಯಾದರೆ ಡ್ರೇನ್ ಪೈಪ್ ಕಟ್ಟಿದೆ.

‘ಟಾಪ್ ಅಪ್’ ಎಂಬುದೂ ‘ಖಾಲಿ’ಯ ತಮ್ಮನೇ. ಎಷ್ಟು ಉಳಿದಿದೆ ಗೊತ್ತಿಲ್ಲ, ಎಷ್ಟು ಬೇಕೋ ನೋಡಿಲ್ಲ, ಕ್ಯಾನ್ ಚುಚ್ಚಿ ತುಂಬುವುದು. ಸಣ್ಣ ಕಾರಿಗೆ ಬೇಕಾದದ್ದು ಒಟ್ಟು ಅರ್ಧ ಕೆಜಿಗಿಂತ ಕಡಿಮೆ. ಎಷ್ಟು ಗ್ರಾಂ ಎಂದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ಕಂಡೆನ್ಸರ್ ದ್ರವದಿಂದಲೇ ತುಂಬಿ ಬಿಸಿ ಬಿಡಲು ಜಾಗ ಉಳಿಯುವುದಿಲ್ಲ, ಒತ್ತಡ ಏರಿ ಕಂಪ್ರೆಸರ್ ಒದ್ದಾಡುತ್ತದೆ. ಅದಕ್ಕೆ ಇನ್ನಷ್ಟು ಹಾಕುವವರೂ ಇದ್ದಾರೆ! ಆನ್‌ಲೈನಿನಲ್ಲಿ ಕ್ಯಾನ್ ತರಿಸಿ ಮನೆಯಲ್ಲೇ ತುಂಬುವ ಆಸೆ ನನ್ನನ್ನು ಕೇಳಿದರೆ ಬೇಡ. ಕಣ್ಣಿಗೆ ಸಿಡಿದರೆ ಹೆಪ್ಪುಗಟ್ಟಿಸುತ್ತದೆ. ಹೆಚ್ಚು ಒತ್ತಡದ ಕಡೆಗೆ ಸಿಕ್ಕಿಸಿದರೆ ಕ್ಯಾನೇ ಒಡೆಯಬಹುದು. ಫಿಲ್ಟರ್, ಫ್ಯಾನ್, ಫ್ಯೂಸ್, ಮಣ್ಣು, ಸೋಪಿನ ನೊರೆ, ಇಷ್ಟು ಮನೆಯ ಕೆಲಸ. ಪೈಪ್ ಬಿಚ್ಚುವುದು ಗ್ಯಾರೇಜಿನದು. ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್ನಿನಲ್ಲಿ ಎಳೆದುಕೊಳ್ಳುವ ಗ್ಯಾರೇಜ್ ಸಿಕ್ಕರೆ ಬಿಡಬೇಡಿ. ಹವಾಮಾನದ ಲೆಕ್ಕದಲ್ಲಿ ಒಂದು ಕೆಜಿ ಆರ್-134ಎ ಸಾವಿರಕ್ಕೂ ಹೆಚ್ಚು ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಅಲ್ಲಿಗೆ ಹೋದಾಗ ‘ಗ್ಯಾಸ್ ಹಾಕಿ’ ಅನ್ನಬೇಡಿ, ಹಾಕಿ ಕಳಿಸುತ್ತಾರೆ. ‘ಎಸಿ ತಣ್ಣಗಾಗ್ತಿಲ್ಲ, ಸೋರ್ತಿದೆಯಾ ನೋಡಿ’ ಅನ್ನಿ. ಸೋರುವ ಕಡೆ ಸರಿಮಾಡಿದ ಮೇಲೆ ಅರ್ಧ ಗಂಟೆಯಾದರೂ ಪಂಪಿನಿಂದ ಪೈಪಿನೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಲಿ, ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಅಲ್ಲೇ ನಿಂತಿದೆಯಾ ತೋರಿಸಲಿ, ಆಮೇಲೆ ತೂಗಿ ತುಂಬಲಿ. ಎಲ್ಲಿ ಸೋರುತ್ತಿತ್ತು, ಎಷ್ಟು ಗ್ರಾಂ ಹಾಕಿದರು, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.