ರಟ್ಟಿನ ಡಬ್ಬಿಯಲ್ಲಿ ಬರುವ ಮರಿಗಳು

ಅಶ್ವಿನಿ, ಭರಣಿಯ ಅಡ್ಡಮಳೆಗಳು ಬೀಳತೊಡಗಿದವೆಂದರೆ ನನ್ನ ಚಿಕಿತ್ಸಾಲಯಕ್ಕೆ ದನಕರುಗಳ ಜೊತೆಗೆ ರಟ್ಟಿನ ಡಬ್ಬಿಗಳೂ ಬರತೊಡಗುತ್ತವೆ. ಚಪ್ಪಲಿಯ ಡಬ್ಬಿ, ಸಿಹಿತಿಂಡಿಯ ಡಬ್ಬಿ, ಒಮ್ಮೊಮ್ಮೆ ಅಡಿಕೆ ಹೊರುವ ಬುಟ್ಟಿ; ಒಳಗೆ ಹತ್ತಿಯ ಮೇಲೋ ಹಳೆಯ ಪಂಚೆಯ ತುಂಡಿನ ಮೇಲೋ ಮುದುರಿ ಕುಳಿತ ಹಕ್ಕಿಮರಿ. ತಂದವರು ಹೆಚ್ಚಾಗಿ ರಜೆಯಲ್ಲಿರುವ ಮಕ್ಕಳು, ಇಲ್ಲವೇ ತೋಟದ ಕೆಲಸ ಬಿಟ್ಟು ಓಡಿಬಂದ ಹೆಂಗಸರು. "ನೆಲದ ಮೇಲೆ ಬಿದ್ದಿತ್ತು ಡಾಕ್ಟ್ರೇ, ತಾಯಿ ಎಲ್ಲೂ ಕಾಣಲಿಲ್ಲ" ಎನ್ನುವುದು ಎಲ್ಲರ ಮಾತು. ಎತ್ತಿಕೊಳ್ಳುವ ಮುಂಚೆ ಎಷ್ಟು ಹೊತ್ತು ನೋಡಿದಿರಿ ಎಂಬುದು ನನ್ನ ಮೊದಲ ಪ್ರಶ್ನೆ. ಹೆಚ್ಚಿನವರು ನೋಡಿಯೇ ಇರುವುದಿಲ್ಲ. ಹೀಗೆ ಬರುವ ಮರಿಗಳಲ್ಲಿ ಅನೇಕವಕ್ಕೆ ಚಿಕಿತ್ಸೆಯ ಅಗತ್ಯವೇ ಇರುವುದಿಲ್ಲ. ಅವುಗಳನ್ನು ತಂದ ದಾರಿಯಲ್ಲೇ ವಾಪಸು ಒಯ್ಯಬೇಕಾಗಿರುತ್ತದೆ.

ಮಲೆನಾಡಿನ ಮನೆಯಂಗಳದಲ್ಲಿ ಎಲ್ಲರಿಗೂ ಪರಿಚಿತವಾದ ಪಿಕಳಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಕ್ರೋಟನ್ ಗಿಡದಲ್ಲಿಯೋ ಕಾಫಿ ಗಿಡದಲ್ಲಿಯೋ, ಸೊಂಟದೆತ್ತರದಲ್ಲಿ ಬಟ್ಟಲಿನಂಥ ಗೂಡು ಕಟ್ಟಿ, ಎರಡು ಮೂರು ಮೊಟ್ಟೆಯಿಟ್ಟು, ಸುಮಾರು 12 ದಿನ ಕಾವು ಕೊಡುತ್ತದೆ. ಒಡೆದು ಬಂದ ಮರಿಗಳು ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ ಗೂಡು ಬಿಡುತ್ತವೆ. ಆಗ ಅವಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಹಾರಲು ಬಾರದ ಮರಿ ಗೂಡು ಬಿಡುವುದು ನಮಗೆ ಅವಿವೇಕವಾಗಿ ಕಾಣಬಹುದು. ಆದರೆ ಕೇರೆ ಹಾವೋ ಕೆಂಬೂತವೋ ಒಮ್ಮೆ ಗೂಡನ್ನು ಕಂಡುಹಿಡಿದರೆ ಎಲ್ಲ ಮರಿಗಳೂ ಒಂದೇ ತುತ್ತಿನ ಸಾಲಿಗೆ ಸೇರುತ್ತವೆ, ಅದೇ ಅವು ಬೇರೆ ಬೇರೆ ಪೊದೆಗಳಲ್ಲಿ ಚದುರಿ ಕುಳಿತಿದ್ದರೆ ಒಂದಾದರೂ ಉಳಿಯುತ್ತದೆ. ಆದ್ದರಿಂದ ಮೈತುಂಬ ಗರಿ ಬಂದು, ಬಾಲ ಮಾತ್ರ ಮೋಟಾಗಿ, ಬಾಯಿಯ ಅಂಚಿನಲ್ಲಿ ಇನ್ನೂ ಹಳದಿ ಉಳಿದಿರುವ, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದು ಕೂರುವ ಮರಿಯು ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಬಿದ್ದ ಮರಿಯಲ್ಲ, ಇಳಿದ ಮರಿ. ಮಡಿವಾಳ ಹಕ್ಕಿ, ಹರಟೆಮಲ್ಲಗಳ ಮರಿಗಳಿಗೂ ಇದೇ ಮಾತು ಸಲ್ಲುತ್ತದೆ.

ಅಂಥ ಮರಿಯನ್ನು ಕಂಡಾಗ ನಾಯಿಯನ್ನು ಕಟ್ಟಿ, ಬೆಕ್ಕನ್ನು ಒಳಗೆ ಕೂಡಿಹಾಕಿ, ಮರಿ ಅಂಗಳದ ನಡುವೆ ಅಥವಾ ರಸ್ತೆಯಲ್ಲಿದ್ದರೆ ಹತ್ತಿರದ ಪೊದೆಯ ಕೊಂಬೆಯ ಮೇಲಿರಿಸಿ, ಕನಿಷ್ಠ ಮೂವತ್ತು ಅಡಿ ದೂರ ಸರಿಯಬೇಕು. ಜಗಲಿಯ ಕಿಟಕಿಯ ಹಿಂದೆ ಕುಳಿತರೆ ಇನ್ನೂ ಒಳ್ಳೆಯದು. ನಾವು ಪಕ್ಕದಲ್ಲೇ ನಿಂತು "ತಾಯಿ ಬರಲಿಲ್ಲ" ಎಂದರೆ, ತಾಯಿ ನಮ್ಮಿಂದಾಗಿಯೇ ಬಂದಿರುವುದಿಲ್ಲ. ಒಂದು ಗಂಟೆ ತಾಳ್ಮೆಯಿಂದ ಕಾದರೆ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡ ದೊಡ್ಡ ಹಕ್ಕಿ, ಮೊದಲು ದೂರದ ಕೊಂಬೆಗೆ, ಆಮೇಲೆ ಹತ್ತಿರದ್ದಕ್ಕೆ, ಕೊನೆಗೆ ಮರಿಯ ಬಾಯಿಗೆ ಬರುವುದು ಸಾಮಾನ್ಯವಾಗಿ ಕಾಣಸಿಗುತ್ತದೆ. ಮರಿ ಕಪ್ಪಗಿದ್ದು ಸುತ್ತ ಕಾಗೆಗಳು ಗಲಾಟೆ ಮಾಡುತ್ತಿದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಯ ಮರಿ ಅದಾಗಿರಬಹುದು.

"ಮುಟ್ಟಿಬಿಟ್ಟಿದ್ದೇವೆ, ಇನ್ನು ತಾಯಿ ಸೇರಿಸುವುದಿಲ್ಲ ಅಲ್ಲವೇ?" ಎಂದು ಕೇಳುವವರು ಬಹಳ. ಮೈಲಿಗೆಯ ಲೆಕ್ಕ ನಮ್ಮದು, ಹಕ್ಕಿಯದಲ್ಲ. ನಮ್ಮ ಅಂಗಳದ ಹಕ್ಕಿಗಳು ಮರಿಯ ಕೂಗಿಗೆ, ತೆರೆದ ಬಾಯಿಯ ಬಣ್ಣಕ್ಕೆ ಓಗೊಡುತ್ತವೆಯೇ ಹೊರತು ಮನುಷ್ಯನ ಕೈ ತಾಗಿದ ವಾಸನೆಗೆ ಹೆದರಿ ಮರಿಯನ್ನು ತೊರೆಯುವುದಿಲ್ಲ.

ಗರಿ ಬಾರದ, ಕಣ್ಣು ತೆರೆಯದ ಕೆಂಪು ಮರಿಯ ವಿಷಯ ಬೇರೆ. ಅದು ನಿಜವಾಗಿಯೂ ಬಿದ್ದದ್ದು, ಮತ್ತು ಮೈ ತಣ್ಣಗಾದರೆ ಸಾಯುವಂಥದ್ದು. ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ ಗೂಡಿಗೇ ಮರಳಿಸುವುದು ಅದಕ್ಕೆ ಸಿಗಬಹುದಾದ ಅತ್ಯುತ್ತಮ ಚಿಕಿತ್ಸೆ. ಬೇಲಿ ಸವರುವಾಗ ಅಥವಾ ಗಾಳಿಗೆ ಗೂಡೇ ಕಿತ್ತು ಬಿದ್ದಿದ್ದರೆ ಅಡಿಕೆ ಹಾಳೆಯಿಂದ ಅಂಗೈಯಗಲದ ದೊನ್ನೆಯೊಂದನ್ನು ಮಾಡಿ, ನೀರು ನಿಲ್ಲದಂತೆ ತಳಕ್ಕೆ ನಾಲ್ಕಾರು ತೂತು ಚುಚ್ಚಿ, ಹಳೆಯ ಗೂಡಿನ ನಾರನ್ನೇ ಹಾಸಿ, ಮೊದಲಿದ್ದ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ, ಎಲೆಯ ಮರೆಯಲ್ಲಿ ಕಟ್ಟಬೇಕು. ತೆಂಗಿನ ಚಿಪ್ಪೂ ಆಗುತ್ತದೆ, ಆದರೆ ಅದರ ನುಣುಪಿನಲ್ಲಿ ಮರಿಯ ಕಾಲು ಜಾರುವುದರಿಂದ ಹಾಸು ಹೆಚ್ಚು ಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ಬೇಲಿಗೆ ಕತ್ತಿ ಹಾಕದಿದ್ದರೆ ಈ ಕೆಲಸವೇ ಬಹಳ ಮಟ್ಟಿಗೆ ತಪ್ಪುತ್ತದೆ.

ನನಗೆ ಹೆಚ್ಚು ಸಂಕಟವಾಗುವುದು ಡಬ್ಬಿಯೊಳಗಿನ ಮರಿಯ ಕೊಕ್ಕಿನ ಸುತ್ತ ಹಾಲಿನ ಕರೆ ಕಂಡಾಗ. ಹಸಿದ ಕೂಸಿಗೆ ಹಾಲು ಎಂಬುದು ಸಹಜವಾದ ಯೋಚನೆ. ಆದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಹಕ್ಕಿಯಲ್ಲಿಲ್ಲದ ಕಾರಣ ಮರಿಗೆ ಭೇದಿಯಾಗಿ, ಇದ್ದ ನೀರಿನಂಶವೂ ಹೋಗುತ್ತದೆ. (ಪಾರಿವಾಳ, ಬೆಳವಗಳು ಕೊರಳಚೀಲದಲ್ಲಿ ಒಸರುವ ಹಾಲಿನಂಥ ದ್ರವವನ್ನು ಮರಿಗಳಿಗೆ ಉಣಿಸುತ್ತವೆ, ನಿಜ, ಹಸುವಿನ ಹಾಲಿಗೂ ಅದಕ್ಕೂ ಸಂಬಂಧವಿಲ್ಲ.) ಫಿಲ್ಲರ್‌ನಿಂದ (ಹನಿ ಹಾಕುವ ಕೊಳವೆಯಿಂದ) ನೀರು ಹನಿಸುವುದು ಇನ್ನೂ ಅಪಾಯಕರ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುವುದರಿಂದ, ಬಾಯಿಗೆ ಬಿಟ್ಟ ನೀರು ನೇರವಾಗಿ ಉಸಿರಿನ ದಾರಿ ಹಿಡಿಯಬಹುದು. ಹುಳುವಿನೊಳಗಿನ ತೇವವೇ ಮರಿಗೆ ಸಾಕು. ಅನ್ನ, ಬ್ರೆಡ್ಡುಗಳಿಂದ ಹೊಟ್ಟೆ ತುಂಬೀತು, ಮೂಳೆ ಬೆಳೆಯದು. ಇದನ್ನು ನಾನು ಪುಸ್ತಕಕ್ಕಿಂತ ಸ್ವಂತ ತಪ್ಪಿನಿಂದ ಚೆನ್ನಾಗಿ ಕಲಿತೆ. ವೃತ್ತಿಯ ಮೊದಲ ವರ್ಷಗಳಲ್ಲಿ ಪಿಕಳಾರದ ಮರಿಯೊಂದಕ್ಕೆ, ಅದು ಹಣ್ಣು ತಿನ್ನುವ ಹಕ್ಕಿ ಎಂಬ ಭರವಸೆಯಲ್ಲಿ, ಬಾಳೆಹಣ್ಣನ್ನೂ ಅನ್ನವನ್ನೂ ಉಣಿಸಿ ಸಾಕಿದೆ. ಅದು ಮೈಕೈ ತುಂಬಿಕೊಂಡಿತು. ನಿಲ್ಲುವ ಕಾಲ ಬಂದಾಗ ಸುಣ್ಣದಂಶದ ಕೊರತೆಯಿಂದ ಎರಡೂ ಕಾಲುಗಳು ಹೊರಕ್ಕೆ ಬಾಗಿದ್ದವು. ಹಣ್ಣು ತಿನ್ನುವ ಪಿಕಳಾರವೂ ಎಳೆಯ ಮರಿಗೆ ಮೊದಲು ಹುಳುಹುಪ್ಪಟೆಯನ್ನೇ ತರುತ್ತದೆ ಎಂಬುದನ್ನು ನಾನು ಕಿಟಕಿಯ ಹಿಂದೆ ಕುಳಿತು ನೋಡಿರಲಿಲ್ಲ.

ಕಾಯದೆ ಕೂಡಲೇ ತರಬೇಕಾದ ಹಕ್ಕಿಗಳೂ ಇವೆ. ಬೆಕ್ಕು ಕಚ್ಚಿದ ಹಕ್ಕಿಯನ್ನು, ಗಾಯ ಸೂಜಿಮೊನೆಯಷ್ಟೇ ಇದ್ದರೂ, ಅದೇ ದಿನ ತೋರಿಸಲೇಬೇಕು. ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ರಕ್ತ ಸೇರಿದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ರೆಕ್ಕೆ ಜೋತುಬಿದ್ದದ್ದು, ರಕ್ತ ಸೋರುತ್ತಿರುವುದು, ಬಲೆಗೆ ಸಿಕ್ಕಿ ಕಾಲು ಬಾತದ್ದು ಇದೇ ಸಾಲಿನವು. ಗಾಜಿಗೆ ಬಡಿದು ಮಂಕಾದ ಹಕ್ಕಿಗಾದರೆ ಔಷಧಿಗಿಂತ ಕತ್ತಲೆ ಬೇಕು. ಗಾಳಿಗೆ ತೂತು ಮಾಡಿದ ಡಬ್ಬಿಯಲ್ಲಿಟ್ಟು, ಮಕ್ಕಳು ಪದೇ ಪದೇ ಇಣುಕದಂತೆ ನೋಡಿಕೊಂಡು, ಒಂದೆರಡು ಗಂಟೆಯ ನಂತರ ಹೊರಗೆ ಒಯ್ದು ಮುಚ್ಚಳ ತೆಗೆದರೆ ಹೆಚ್ಚಿನವು ತಾವೇ ಹಾರಿಹೋಗುತ್ತವೆ. ಮಳೆ ಮುಗಿಯುವ ಹೊತ್ತಿಗೆ ಉತ್ತರದಿಂದ ವಲಸೆ ಬರುವ ನವರಂಗ ದಣಿದು, ದೀಪದ ಬೆಳಕಿಗೆ ಮನೆಯೊಳಗೆ ನುಗ್ಗಿದಾಗಲೂ ಇದೇ ಉಪಚಾರ; ಅದರ ಬಣ್ಣಕ್ಕೆ ಮರುಳಾಗಿ ಫೋಟೋ ತೆಗೆಯುತ್ತ ಕೈಯಿಂದ ಕೈಗೆ ದಾಟಿಸುವುದೇ ಅದಕ್ಕೆ ದೊಡ್ಡ ಆಘಾತ.

ಕಾಡಂಚಿನಲ್ಲಿ ಹಕ್ಕಿಯನ್ನು ಎತ್ತಿದವರು ಕೈಯನ್ನು ಸಾಬೂನಿನಲ್ಲಿ ತೊಳೆದು, ಮೈಮೇಲೆ ಉಣುಗು ಹತ್ತಿದೆಯೇ ಎಂದೂ ನೋಡಿಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗು ನೆಲದಲ್ಲಿ ಮೇಯುವ ಹಕ್ಕಿಗಳ ಮೇಲೂ ಇರುತ್ತದೆ, ಮತ್ತು ಆ ಕಾಯಿಲೆಯ ಕಾಲವೂ ಮಳೆಗಾಲಕ್ಕೆ ಮುಂಚಿನದೇ. ಗುಣವಾದ ಗಿಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಸಬೇಕಾಗುತ್ತದೆ. ಆರೈಕೆ ದೀರ್ಘವಾಗುವಂತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದು ಸರಿಯಾದ ದಾರಿ.

ತರಲೇಬೇಕಾದಾಗ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ, ಮರಿ ಸಿಕ್ಕಿದ ಊರು, ಯಾರ ತೋಟ, ಯಾವ ಗಿಡದ ಬುಡ, ಎಷ್ಟು ಗಂಟೆ ಎಂದು ಬರೆದು ತನ್ನಿ. ತಾಯಿತಂದೆ ಹಕ್ಕಿಗಳು ಅದೇ ಗಿಡದ ಸುತ್ತ ಇನ್ನೂ ಕೂಗುತ್ತಿರಬಹುದು, ಮತ್ತು ಸಂಜೆಯೊಳಗೆ ಮರಿಯನ್ನು ಅಲ್ಲಿಗೇ ಮುಟ್ಟಿಸಲು ನನಗೆ ಬೇರೆ ಗುರುತು ಇರುವುದಿಲ್ಲ.